ಎಲ್ಲಾ ಸೇರಿ ಎಷ್ಟು

ನಾನು ಮಾಡಿದ ಲೆಕ್ಕ ಸರಿಯಾಗಿಯೇ ಇತ್ತು. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಲೆಕ್ಕ ತಪ್ಪಿ ಮನೆ ಕೆಡಿಸಿದವರು ಯಾವ ಊರಿಗೆ ಹೋದರೂ ಸಿಗುತ್ತಾರೆ; ಸರಿಯಾದ ಲೆಕ್ಕ ಮಾಡಿ ಅಜ್ಜಿಯನ್ನು ಅವಳ ಮಗಳಿಂದ ಅಗಲಿಸಿದವಳು ನಾನೊಬ್ಬಳೇ ಇರಬೇಕು. ಇಷ್ಟು ವರ್ಷವಾದರೂ ಆ ಲೆಕ್ಕದಲ್ಲಿ ಎಲ್ಲಾದರೂ ಒಂದು ತಪ್ಪು ಸಿಕ್ಕೀತೇನೋ ಎಂದು ಆಗಾಗ ಮನಸ್ಸಿನಲ್ಲೇ ಮಾಡಿ ನೋಡುತ್ತೇನೆ. ಸಿಕ್ಕುವುದಿಲ್ಲ. ಸಿಕ್ಕಿದ್ದರೆ ಸ್ವಲ್ಪ ಹಗುರಾಗುತ್ತಿದ್ದೆ.

ನಮ್ಮ ಮನೆ ಪಿರಿಯಾಪಟ್ಟಣದ ಪೇಟೆ ಬೀದಿಯಲ್ಲಿ, ನಮ್ಮದೇ ಬಣ್ಣದಂಗಡಿಯ ಬೆನ್ನಿಗಿತ್ತು. ಅಂಗಡಿಯ ಹಿಂದಿನ ಬಾಗಿಲು ತೆರೆದರೆ ನಡುಮನೆ, ಅದರ ಎಡಕ್ಕೆ ಅಜ್ಜಿಯ ಕೋಣೆ, ಮುಂದೆ ಅಡುಗೆಮನೆ, ಹಿತ್ತಿಲಲ್ಲಿ ಬಚ್ಚಲು ಮತ್ತು ಒಂದು ಬಿಲ್ವದ ಗಿಡ. ಬಣ್ಣ ಮಾರುವವರ ಮನೆ ಎಷ್ಟು ಚೆಂದವಿರಬಹುದು ಎಂದು ಹೊರಗಿನವರು ಅಂದುಕೊಳ್ಳುತ್ತಿದ್ದರು. ಒಳಗೆ ಬಂದರೆ ನಗು ತಡೆಯಲಾಗುತ್ತಿರಲಿಲ್ಲ. ಗಿರಾಕಿ ಬೇಡವೆಂದು ವಾಪಸು ತಂದದ್ದು, ಕಲಸುವಾಗ ಹದ ತಪ್ಪಿದ್ದು, ಡಬ್ಬದ ತಳದಲ್ಲಿ ಉಳಿದದ್ದು, ಎಲ್ಲವೂ ನಮ್ಮ ಗೋಡೆಗೇ. ನಡುಮನೆಯ ಒಂದು ಗೋಡೆ ಗಿಳಿಹಸಿರು, ಎದುರಿನದು ಯಾವುದೋ ಮದುವೆ ಮನೆಯವರು ಒಲ್ಲೆವೆಂದ ಗುಲಾಬಿ. ಅಡುಗೆಮನೆಯಲ್ಲಿ ಹಳದಿ ಎದೆಮಟ್ಟಕ್ಕೆ ಮುಗಿದು ಅಲ್ಲಿಂದ ಮೇಲಕ್ಕೆ ಬೂದು. ಅಜ್ಜಿಯ ಕೋಣೆಗೆ ಮಾತ್ರ ಚಿಕ್ಕಪ್ಪ ತಾನೇ ಕೂತು ಕಲಸಿದ ತಿಳಿನೀಲಿ ಬಳಿದಿದ್ದ. ಟರ್ಪೆಂಟೈನ್ ವಾಸನೆ ನಮ್ಮ ಬಟ್ಟೆಗೆ, ಹಾಸಿಗೆಗೆ, ಅನ್ನಕ್ಕೂ ಹತ್ತಿತ್ತು. ಶಾಲೆಯಲ್ಲಿ ನನ್ನ ಬುತ್ತಿ ತೆಗೆದರೆ ಪಕ್ಕದ ಹುಡುಗಿಯರು ಮೂಗು ಮುಚ್ಚಿಕೊಳ್ಳುತ್ತಿದ್ದರು. ಅದಕ್ಕೇ ಇರಬೇಕು, ಓದಿನಲ್ಲಿ ಅವರನ್ನೆಲ್ಲ ಮೀರಿಸಬೇಕು ಎಂಬ ಜಿದ್ದು ನನಗೆ ಬೇಗನೆ ಬಂತು. ಅದರಲ್ಲೂ ಲೆಕ್ಕದಲ್ಲಿ. ಜಂಬದ ಕೋಳಿ ಅಂತಾರಲ್ಲ, ಅದು ನಾನೇ.

ಅಂಗಡಿಯ ಯಜಮಾನಿಕೆ ಅಪ್ಪನದು, ಬಣ್ಣ ಕಲಸುವುದು ಚಿಕ್ಕಪ್ಪನದು. ಅಪ್ಪ ದಪ್ಪ ದನಿಯ, ದಪ್ಪ ಮೀಸೆಯ ಮನುಷ್ಯ. ಕೂಡುವ ಕಳೆಯುವ ಲೆಕ್ಕ ಬಾಯಲ್ಲೇ ಮುಗಿಸುತ್ತಿದ್ದ, ಶೇಕಡಾ ಅಂದರೆ ಮಾತ್ರ ಸಿಡುಕುತ್ತಿದ್ದ. ಚಿಕ್ಕಪ್ಪ ನಂಜಪ್ಪ ಪಿಯುಸಿವರೆಗೆ ಓದಿದ್ದವನು, ಮದುವೆಯಾಗದೆ ಉಳಿದವನು, ಎಲ್ಲದಕ್ಕೂ ಒಂದು ತಮಾಷೆ ಇಟ್ಟುಕೊಂಡಿದ್ದವನು. ಹೊಗೆಸೊಪ್ಪು ಮಾರಿದ ದುಡ್ಡು ಕೈಗೆ ಬಂದಾಗ ರೈತರು ಮನೆಗೆ ಬಣ್ಣ ಹೊಡೆಸಲು ಬರುತ್ತಿದ್ದರು. ಸಂಕ್ರಾಂತಿ ಹತ್ತಿರವಾದರೆ ಎತ್ತಿನ ಕೊಂಬಿಗೆ ಬಳಿಯಲು ಸಣ್ಣ ಡಬ್ಬಗಳು ಖರ್ಚಾಗುತ್ತಿದ್ದವು. ಆಗ ವ್ಯಾಟ್ ತೆರಿಗೆ ಬಂದಿದ್ದ ಕಾಲ. ನಮ್ಮ ಬಣ್ಣಗಳಿಗೆ ನೂರಕ್ಕೆ ಹನ್ನೆರಡೂವರೆ. ಬಿಲ್ಲಿನಲ್ಲಿ ಬೆಲೆ ಇಷ್ಟು, ತೆರಿಗೆ ಇಷ್ಟು ಎಂದು ಬೇರೆ ಬೇರೆ ಹೇಳಲು ಹೋದರೆ ಗಿರಾಕಿ ಕೂತಲ್ಲಿಂದ ಏಳುತ್ತಿದ್ದ.

"ಆ ಟ್ಯಾಕ್ಸು ಗೀಕ್ಸು ನಂಗ್ಯಾಕ್ ಏಳ್ತೀರಿ? ಎಲ್ಲಾ ಸೇರಿ ಎಷ್ಟು, ಅದೊಂದ್ ಏಳ್ಬುಡಿ ಯಜಮಾನ್ರೇ."

"ಎಲ್ಲಾ ಸೇರಿ ಒಂಬೈನೂರು ಕೊಟ್ಬುಡಪ್ಪ."

ಹೀಗೆ ಇಡೀ ಪೇಟೆಯೇ ಎಲ್ಲಾ ಸೇರಿದ ಬೆಲೆಯಲ್ಲೇ ನಡೆಯುತ್ತಿತ್ತು. ಸಂಜೆ ಬಾಗಿಲು ಹಾಕುವ ಹೊತ್ತಿಗೆ ಗಲ್ಲಾಪೆಟ್ಟಿಗೆಯಲ್ಲಿ ನಮ್ಮದೂ ಸರ್ಕಾರದ್ದೂ ಕಲೆತು ಕೂತಿರುತ್ತಿದ್ದವು. ಅದನ್ನು ಬಿಡಿಸುವ ಕೆಲಸಕ್ಕೆ ನಮ್ಮ ಮನೆಯಲ್ಲಿ ಒಂದು ಶಾಸ್ತ್ರವೇ ಇತ್ತು. ಆ ಶಾಸ್ತ್ರ ಅಜ್ಜಿ ಮಾಡಿದ್ದು. ಅಜ್ಜಿಗೆ ತನ್ನದಲ್ಲದ ದುಡ್ಡು ಮನೆಯ ದುಡ್ಡಿನ ಜೊತೆ ಒಂದು ರಾತ್ರಿಯೂ ಇರಬಾರದು. ಖಾಲಿಯಾದ ಬಿಳಿ ಪ್ರೈಮರ್ ಡಬ್ಬವೊಂದನ್ನು ತೊಳೆಸಿ, ಅದಕ್ಕೆ ಮೂರು ಬೆರಳಲ್ಲಿ ವಿಭೂತಿ ಎಳೆದು, ತನ್ನ ಕೋಣೆಯ ಗೂಡಿನಲ್ಲಿ ಇಟ್ಟಿದ್ದಳು. ಅದು ಸರ್ಕಾರದ ಡಬ್ಬ. ಸಂಜೆ ಅವಳ ಶಿವಪೂಜೆ ಮುಗಿಯುತ್ತಿದ್ದಂತೆ ಚಿಕ್ಕಪ್ಪ ದಿನದ ವ್ಯಾಪಾರ ಕೂಡಿ, ತೆರಿಗೆಯ ಪಾಲು ತೆಗೆದು, ಸ್ಕ್ರೂಡ್ರೈವರಿನಿಂದ ಮುಚ್ಚಳ ಮೀಟಿ ಒಳಗೆ ಹಾಕಬೇಕು. ಸಗಟು ಅಂಗಡಿಯಲ್ಲಿ ಮಾಲು ತರುವಾಗ ಕೊಡಬೇಕಾದ ತೆರಿಗೆಯನ್ನೂ ಅದರಿಂದಲೇ ಕೊಡುವುದು, ಮಿಕ್ಕಿದ್ದನ್ನು ತಿಂಗಳಿಗೊಮ್ಮೆ ಹುಣಸೂರಿನ ಆಡಿಟರ ಮೂಲಕ ಸರ್ಕಾರಕ್ಕೆ ಕಟ್ಟುವುದು. ಒಂದು ಸಲ ಡಬ್ಬಕ್ಕೆ ಬಿದ್ದದ್ದು ಗಲ್ಲಾಪೆಟ್ಟಿಗೆಗೆ ವಾಪಸು ಬರುವ ಹಾಗಿರಲಿಲ್ಲ.

"ಅದರೊಳಕ್ಕೆ ಓದದ್ದು ಓದಂಗೇಯ," ಎನ್ನುತ್ತಿದ್ದಳು ಅಜ್ಜಿ. "ಮನೆಗೆ ತಿರ್ಗಾ ತಂದ್ರೆ ದರಿದ್ರ ಸುತ್ಕತದೆ."

ಚಿಕ್ಕಪ್ಪನ ಲೆಕ್ಕ ಸುಲಭದ್ದು. ನೂರಕ್ಕೆ ಹನ್ನೆರಡೂವರೆ ಅಂದರೆ ಎಂಟರಲ್ಲಿ ಒಂದು ಪಾಲು. ಬಂದ ದುಡ್ಡನ್ನು ಎಂಟು ಮಾಡುತ್ತಿದ್ದ, ಒಂದನ್ನು ಡಬ್ಬಕ್ಕೆ ಹಾಕುತ್ತಿದ್ದ. ಒಂಬೈನೂರು ಬಂದರೆ ನೂರಾ ಹನ್ನೆರಡೂವರೆ ರೂಪಾಯಿ ಒಳಕ್ಕೆ. ಅಪ್ಪ ಎದುರಿಗೇ ಕೂತು ನೋಡುತ್ತಿದ್ದ, ತಲೆಯಾಡಿಸುತ್ತಿದ್ದ. ನೋಡಿದ ಯಾರಿಗೂ ಅದರಲ್ಲಿ ಐಬು ಕಾಣುವಂತಿರಲಿಲ್ಲ. ತಿಂಗಳಿಗೊಂದು ದಿನ ಚಿಕ್ಕಪ್ಪ ಡಬ್ಬದ ದುಡ್ಡು ಕಟ್ಟಿಕೊಂಡು ಹುಣಸೂರಿಗೆ ಹೊರಡುವಾಗ ಅಜ್ಜಿಯೂ ಜೊತೆಗೆ ಹೊರಡುತ್ತಿದ್ದಳು. ಅಲ್ಲಿಯ ಡಾಕ್ಟರರಿಗೆ ಕಣ್ಣು ತೋರಿಸಬೇಕು ಅಂತ. ಆ ದಿನ ಅವಳು ಬೆಳಗ್ಗೆಯೇ ತಲೆಗೆ ಸ್ನಾನ ಮಾಡುತ್ತಿದ್ದಳು, ಚೀಲದಲ್ಲಿ ಎಳ್ಳಿನ ಚಿಗಳಿ, ಹುರಿಗಡಲೆ, ಒಮ್ಮೊಮ್ಮೆ ಒಬ್ಬಟ್ಟು ಇರುತ್ತಿತ್ತು. ಕಣ್ಣಿನ ಡಾಕ್ಟರರಿಗೆ ಒಬ್ಬಟ್ಟು ಯಾಕೆ ಎಂದು ನಾನು ಕೇಳಲಿಲ್ಲ. ಬೇರೆಯವರ ತಟ್ಟೆಯಲ್ಲಿ ಏನಿದೆ ಎಂದು ನೋಡುವ ಬುದ್ಧಿ ಆಗ ನನಗೆ ಇರಲಿಲ್ಲ, ನನ್ನ ಮಾರ್ಕ್ಸ್ ಕಾರ್ಡೇ ನನಗೆ ಜಗತ್ತು.

ನನಗೆ ಒಬ್ಬಳು ಅತ್ತೆ ಇದ್ದಾಳೆಂದು ಗೊತ್ತಿತ್ತು, ಅಷ್ಟೆ. ಅಪ್ಪನ ತಂಗಿ ಗಿರಿಜೆ. ಶುಂಠಿ ಲಾರಿ ಓಡಿಸುವ, ವಯನಾಡಿನ ಕಡೆಯ ಒಬ್ಬನನ್ನು ಮೆಚ್ಚಿ ಹೋಗಿ, ಎಚ್.ಡಿ. ಕೋಟೆಯಿಂದಾಚೆ ಅಂತರಸಂತೆಯ ಹತ್ತಿರ ಮನೆ ಮಾಡಿದ್ದಳು. ಅವಳು ಹೋದ ದಿನವೇ ಅಪ್ಪ ಅವಳ ಫೋಟೋ ತೆಗೆದು, ಅದು ನೇತಾಡುತ್ತಿದ್ದ ಗೋಡೆಗೆ ಆ ಗುಲಾಬಿ ಬಣ್ಣ ಹೊಡೆಸಿದನಂತೆ. ಅವಳ ಹೆಸರನ್ನು ನಮ್ಮ ಮನೆಯಲ್ಲಿ ಯಾರೂ ಎತ್ತುವಂತಿರಲಿಲ್ಲ. ಅಜ್ಜಿ ಆ ಗೋಡೆಗೆ ಬೆನ್ನು ಕೊಟ್ಟೇ ಊಟಕ್ಕೆ ಕೂರುತ್ತಿದ್ದಳು.

ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ನಮ್ಮ ಲೆಕ್ಕದ ಮೇಡಂ ಬೋರ್ಡಿನ ಮೇಲೆ ಒಂದು ಪ್ರಶ್ನೆ ಬರೆದರು. ಒಂದು ಕುಕ್ಕರಿಗೆ ತೆರಿಗೆ ಸೇರಿ ಒಂಬೈನೂರು ರೂಪಾಯಿ. ತೆರಿಗೆ ನೂರಕ್ಕೆ ಹನ್ನೆರಡೂವರೆ. ತೆರಿಗೆ ಸೇರುವ ಮುಂಚಿನ ಬೆಲೆ ಎಷ್ಟು? ನಾನು ಕೈಯೆತ್ತಿ ನಿಂತು, ಚಿಕ್ಕಪ್ಪನ ಹಾಗೆ ಎಂಟರಲ್ಲೊಂದು ಪಾಲು ಕಳೆದು, ಏಳುನೂರಾ ಎಂಬತ್ತೇಳೂವರೆ ಎಂದೆ. ಮೇಡಂ ನಕ್ಕರು. ಸರಿ, ಹಾಗಾದರೆ ಆ ಬೆಲೆಗೆ ತೆರಿಗೆ ಸೇರಿಸಿ ಒಂಬೈನೂರು ತಂದು ತೋರಿಸು ಎಂದರು. ಸೇರಿಸಿದೆ. ಒಂಬೈನೂರು ಬರಲಿಲ್ಲ, ಹದಿನಾಲ್ಕು ರೂಪಾಯಿಯಷ್ಟು ಕಡಿಮೆ ಬಂತು. ಇಡೀ ಕ್ಲಾಸು ನಕ್ಕಿತು. ಆ ನಗುವಿನಲ್ಲಿ ನನಗೆ ಟರ್ಪೆಂಟೈನ್ ವಾಸನೆಯೇ ಬಡಿದ ಹಾಗಾಯಿತು. ಮೇಡಂ ಬಿಡಿಸಿ ಹೇಳಿದರು: ತೆರಿಗೆ ಹಾಕುವುದು ಮೂಲ ಬೆಲೆಯ ಮೇಲೆ, ಎಲ್ಲಾ ಸೇರಿದ ಮೊತ್ತದ ಮೇಲೆ ಅಲ್ಲ. ಬೆಲೆ ಎಂಟು ಪಾಲಾದರೆ ತೆರಿಗೆ ಒಂದು ಪಾಲು, ಎರಡೂ ಸೇರಿದರೆ ಒಂಬತ್ತು. ಹಾಗಾಗಿ ಗಿರಾಕಿ ಕೊಟ್ಟ ದುಡ್ಡನ್ನು ಒಂಬತ್ತು ಮಾಡಬೇಕು, ಎಂಟಲ್ಲ. ಎಂಟುನೂರು ಬೆಲೆ, ನೂರು ತೆರಿಗೆ. ಕೂಡಿದರೆ ಒಂಬೈನೂರು, ಪೈಸೆ ಹೆಚ್ಚಿಲ್ಲ, ಪೈಸೆ ಕಮ್ಮಿಯಿಲ್ಲ. ಅವಮಾನದಲ್ಲಿ ಕಲಿತದ್ದು ಮರೆಯುವುದಿಲ್ಲ. ಮನೆಗೆ ಓಡುವಾಗ ಒಂದೇ ಯೋಚನೆ, ನನ್ನನ್ನು ನಗೆಪಾಟಲು ಮಾಡಿದ್ದು ಚಿಕ್ಕಪ್ಪನ ಲೆಕ್ಕ, ಅದನ್ನು ಇವತ್ತು ಎಲ್ಲರೆದುರು ಎತ್ತಿ ತೋರಿಸಬೇಕು.

ಅವತ್ತು ಹಿತಕಿದ ಅವರೆಬೇಳೆ ಸಾರು, ರಾಗಿಮುದ್ದೆ. ಎಲ್ಲರೂ ನೆಲದ ಮೇಲೆ ಸಾಲಾಗಿ ಕೂತಿದ್ದೆವು, ಅವ್ವ ಬಡಿಸುತ್ತಿದ್ದಳು. ಮುದ್ದೆ ಮುರಿಯುವ ಮುಂಚೆಯೇ ಶುರು ಮಾಡಿದೆ. ಚಿಕ್ಕಪ್ಪ ಮಾಡುವ ಲೆಕ್ಕ ತಪ್ಪು, ಎಂಟು ಮಾಡಬಾರದು, ಒಂಬತ್ತು ಮಾಡಬೇಕು. ತಟ್ಟೆಯ ಅಂಚಿನಲ್ಲಿ ಅವರೆಬೇಳೆ ಜೋಡಿಸಿ, ಎಂಟು ಒಂದು ಕಡೆ, ಒಂದು ಇನ್ನೊಂದು ಕಡೆ ಇಟ್ಟು ಅಪ್ಪನಿಗೆ ತೋರಿಸಿದೆ. ಅಪ್ಪ ಎರಡು ಸಲ ಕೇಳಿಸಿಕೊಂಡ, ತುಟಿಯಲ್ಲೇ ಕೂಡಿ ಕಳೆದ. ಆಮೇಲೆ ಚಿಕ್ಕಪ್ಪನ ಕಡೆ ತಿರುಗಿದ.

"ಏನ್ಲಾ ನಂಜ, ಮಗ ಏಳ್ತಿರೋದು ದಿಟವೇನ್ಲಾ?"

ಚಿಕ್ಕಪ್ಪ ಮುದ್ದೆಯನ್ನೇ ನೋಡುತ್ತಿದ್ದ. ಅಜ್ಜಿ ಚಿಕ್ಕಪ್ಪನನ್ನೇ ನೋಡುತ್ತಿದ್ದಳು. ನನಗೋ ಕಾಯುವ ತಾಳ್ಮೆಯಿಲ್ಲ, ತಲೆ ತಗ್ಗಿಸಿ ತಟ್ಟೆಯ ಅವರೆಬೇಳೆಯನ್ನು ಮತ್ತೊಮ್ಮೆ ಎಣಿಸತೊಡಗಿದೆ.

"ದಿಟ ಕಣಣ್ಣ," ಅಂದ ಚಿಕ್ಕಪ್ಪ. "ಮಗ ಸರಿಯಾಗ್ ಏಳ್ತಾ ಅದೆ."

"ಅಂಗಾರೆ ಒಂಬೈನೂರ್ ಯಾಪಾರುಕ್ಕೆ ಅನ್ನೆರಡೂವರೆ ರೂಪಾಯಿ ಎಚ್ಗೆ ಬೀಳ್ತಿತ್ತು ಡಬ್ಬುಕ್ಕೆ. ಅದೆಲ್ಲೋಯ್ತು? ಆಡಿಟ್ರಿಗೆ ಕೊಟ್ಯಾ?"

ಚಿಕ್ಕಪ್ಪ ಮುದ್ದೆ ಮುರಿದು ಸಾರಿಗೆ ಅದ್ದಿದ.

"ಕೇಳ್ತಿರೋದ್ ಕೇಳ್ಸ್ತಿಲ್ವೇನ್ಲಾ? ಹುಣಸೂರ್ಗೋಗಿ ಇಸ್ಪೀಟ್ ಆಡ್ಬುಟ್ಟು ಬತ್ತಿದ್ಯಾ?"

ಚಿಕ್ಕಪ್ಪ ಅಜ್ಜಿಯ ಕಡೆ ಕಣ್ಣೆತ್ತಲಿಲ್ಲ. ಅಜ್ಜಿ ಬಾಯಿ ತೆರೆದಳು, ಅಷ್ಟರಲ್ಲಿ ಅವನೇ ಮಾತು ತಡೆದ.

"ಊಂ ಕಣಣ್ಣ. ಆಡ್ತಿದ್ದೆ. ತಪ್ಪಾಯ್ತು."

ಅಪ್ಪ ಎದ್ದ. ತಟ್ಟೆಯಲ್ಲಿ ಅರ್ಧ ಮುದ್ದೆ ಹಾಗೇ ಇತ್ತು. ಕಳ್ಳ, ದಂಡಪಿಂಡ, ಅನ್ನ ಹಾಕಿದ ಮನೆಗೆ ಕನ್ನ ಹಾಕಿದವನು ಎಂದು ಬಾಯಿಗೆ ಬಂದದ್ದೆಲ್ಲ ಅಂದ. ಚಿಕ್ಕಪ್ಪ ಕೂತೇ ಕೇಳಿಸಿಕೊಂಡ. ಗಲ್ಲಾಪೆಟ್ಟಿಗೆ ಮುಟ್ಟಬೇಡ, ಡಬ್ಬ ಮುಟ್ಟಬೇಡ, ಬಣ್ಣ ಕಲಸಿಕೊಂಡು ಬಿದ್ದಿರು ಎಂದು ಅಪ್ಪನ ತೀರ್ಪಾಯಿತು. ನನಗೆ ಹೆದರಿಕೆಯಾಯಿತು, ಸುಳ್ಳಲ್ಲ. ಆದರೆ ಹೆದರಿಕೆಯ ಕೆಳಗೆ ಒಂದು ಸಂತೋಷವೂ ಇತ್ತು, ಅದನ್ನೂ ಹೇಳದಿದ್ದರೆ ಇದನ್ನು ಬರೆಯುವುದು ವ್ಯರ್ಥ. ನನ್ನ ಲೆಕ್ಕ ಗೆದ್ದಿತ್ತು. ಅಪ್ಪ ಕೈ ತೊಳೆಯಲು ಹೋದ ಮೇಲೆ ಅಜ್ಜಿ ಅವ್ವನಿಗೆ ಹೇಳಿದಳು:

"ಮಗೀಗೆ ವಸಿ ತುಪ್ಪ ಬುಡವ್ವ. ಬುದ್ವಂತೆ ಅದು."

ಅವ್ವ ಬಡಿಸಿದಳು. ನಾನು ತಿಂದೆ. ರುಚಿಯಾಗಿತ್ತು.

ಮಾರನೆಯ ದಿನದಿಂದ ಸಂಜೆಯ ಲೆಕ್ಕ ನನ್ನದಾಯಿತು. ಚಿಕ್ಕಪ್ಪ ಕೂರುತ್ತಿದ್ದ ಸ್ಟೂಲಿನ ಮೇಲೆ ನಾನು ಕೂತು ಒಂಬತ್ತು ಮಾಡಿ ಒಂದು ಪಾಲು ಎಣಿಸಿ ಕೊಡುತ್ತಿದ್ದೆ, ಅಪ್ಪ ಡಬ್ಬಕ್ಕೆ ಹಾಕುತ್ತಿದ್ದ. ಚಿಕ್ಕಪ್ಪ ಹಿಂದುಗಡೆ ಕೋಲಿನಲ್ಲಿ ಬಣ್ಣ ತಿರುಗಿಸುತ್ತಿದ್ದ. ನನ್ನ ಮೇಲೆ ಒಂದು ದಿನವೂ ಮುಖ ಊದಿಸಲಿಲ್ಲ, "ಏನವ್ವ ಆಡಿಟ್ರೇ, ಇವತ್ತೆಷ್ಟು?" ಎಂದು ಕೇಳುತ್ತಿದ್ದ. ಹುಣಸೂರಿಗೆ ಹೋಗುವ ದಿನ ಬಂದಾಗ ಅಪ್ಪ ತಾನೇ ಸ್ಕೂಟರ್ ತೆಗೆದ. ಅಜ್ಜಿ ತಲೆಗೆ ಸ್ನಾನ ಮಾಡಿ, ಚೀಲ ಹಿಡಿದು ಅಂಗಡಿಯ ಬಾಗಿಲವರೆಗೆ ಬಂದು ನಿಂತಿದ್ದಳು.

"ಕಣ್ ತೋರಿಸ್ಬೇಕಿತ್ತು ಕಣಪ್ಪ."

"ಇಲ್ಲೇ ನಮ್ಮೂರಲ್ಲೇ ಡಾಕ್ಟ್ರು ಬಂದವ್ರಲ್ಲವ್ವ, ಅಷ್ಟ್ ದೂರ ಯಾಕ್ ಅಲೀತೀಯ? ನಾಳೆ ನಾನೇ ಕರ್ಕೊಂಡೋಗ್ತೀನಿ."

"ಊಂ, ಅದೂ ಸರಿಯೇ," ಎಂದು ಅಜ್ಜಿ ಒಳಗೆ ಹೋದಳು. ಚೀಲದಲ್ಲಿದ್ದ ಚಿಗಳಿಯನ್ನು ಅವತ್ತು ನನಗೇ ಕೊಟ್ಟಳು. ಅಪ್ಪ ಮಾತಿಗೆ ತಪ್ಪದೆ ಮಾರನೇ ದಿನ ಊರಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಕಣ್ಣಿಗೆ ಏನೂ ಆಗಿಲ್ಲ, ವಯಸ್ಸಿಗೆ ತಕ್ಕ ಹಾಗೆ ಚೆನ್ನಾಗಿದೆ ಅಂದರಂತೆ. ಅಪ್ಪನಿಗೆ ಖುಷಿಯೋ ಖುಷಿ. ಇನ್ನು ಹುಣಸೂರಿನ ಮಾತೇ ಬೇಡ ಅಂದ. ಅದಾದ ಮೇಲೆ ಅಜ್ಜಿ ಗುಲಾಬಿ ಗೋಡೆಗೆ ಮುಖ ಮಾಡಿ ಊಟಕ್ಕೆ ಕೂರಲು ಶುರು ಮಾಡಿದಳು. ಅಲ್ಲಿ ಏನಿತ್ತು ನೋಡಲು? ಬರೀ ಗೋಡೆ. ಊಟ ಕಡಿಮೆಯಾಯಿತು, ಮಾತು ಕಡಿಮೆಯಾಯಿತು. ಮುಂದಿನ ಮುಂಗಾರು ಬರುವ ಮುಂಚೆ ಅಜ್ಜಿ ತೀರಿಕೊಂಡಳು.

ಗಿರಿಜತ್ತೆಯನ್ನು ನಾನು ಮೊದಲು ನೋಡಿದ್ದು ಅವತ್ತೇ. ಚಿಕ್ಕಪ್ಪ ಯಾರನ್ನೂ ಕೇಳದೆ ಹೇಳಿ ಕಳಿಸಿದ್ದ. ಅಂಗಡಿಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು ನಿಂತವಳ ಮುಖ ನೋಡಿದರೆ ಪ್ರಾಯಕ್ಕೆ ಮರಳಿದ ಅಜ್ಜಿಯೇ ನಿಂತ ಹಾಗಿತ್ತು. ಅಪ್ಪ ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಎಲ್ಲ ಮುಗಿದು ಜನ ಕರಗಿದ ಮೇಲೆ ಬಚ್ಚಲೊಲೆಯ ಹತ್ತಿರ ಅವಳು ನನ್ನ ಕೈ ಹಿಡಿದುಕೊಂಡು ಕೂತಳು.

"ಶಶಿ ಅಂದ್ರೆ ನೀನೇ ಅಲ್ವೇನವ್ವ? ಬಂದಾಗೆಲ್ಲ ಅವ್ವಂದು ನಿನ್ ವಿಷ್ಯಾನೇಯ. ಲೆಕ್ಕದಲ್ಲಿ ನನ್ ಮೊಮ್ಮಗಳ್ನ ಮೀರ್ಸೋರಿಲ್ಲ ಅಂತಿತ್ತು."

"ಎಲ್ಲಿಗೆ ಬಂದಾಗ ಅತ್ತೆ?"

ಅವಳು ಹೇಳಿದಳು. ತಿಂಗಳಿಗೊಮ್ಮೆ, ಚಿಕ್ಕಪ್ಪ ಆಡಿಟರ ಆಫೀಸಿಗೆ ಹೋದಷ್ಟು ಹೊತ್ತು, ಹುಣಸೂರು ಬಸ್ ಸ್ಟ್ಯಾಂಡಿನ ಮೂಲೆಯ ಕಲ್ಲು ಬೆಂಚಿನ ಮೇಲೆ ತಾಯಿ ಮಗಳು ಕೂರುತ್ತಿದ್ದರಂತೆ. ಅಜ್ಜಿ ಅವಳ ತಲೆ ನೋಡುತ್ತಿದ್ದಳಂತೆ, ಒಬ್ಬಟ್ಟು ತಿನ್ನಿಸುತ್ತಿದ್ದಳಂತೆ. ಮಳೆಗಾಲದಲ್ಲಿ ಲಾರಿ ಓಡದೆ ಮನೆ ನಡೆಯದಿದ್ದಾಗ ಅಜ್ಜಿಯ ಸೆರಗಿನ ಗಂಟೇ ಅವಳ ಅಕ್ಕಿಯಾಗುತ್ತಿತ್ತಂತೆ. ಆ ಗಂಟಿಗಾಗಿಯೇ ಚಿಕ್ಕಪ್ಪ ಬೇಕೆಂದೇ ಒಂಬತ್ತರ ಬದಲು ಎಂಟು ಮಾಡುತ್ತಿದ್ದನೆಂದು ನನಗೆ ಆಗ ಹೊಳೆಯಿತು. ಗಲ್ಲಾಪೆಟ್ಟಿಗೆಯಿಂದ ಕದಿಯಲು ಅಜ್ಜಿಗೆ ಮನಸ್ಸು ಬರುತ್ತಿರಲಿಲ್ಲ. ಡಬ್ಬಕ್ಕೆ ಬಿದ್ದು ಸರ್ಕಾರಕ್ಕೂ ಬೇಡವಾಗಿ ಉಳಿದದ್ದು ಮನೆಯದಲ್ಲವಲ್ಲ, ಅದನ್ನು ಕೊಡಬಹುದಿತ್ತು.

"ಅವ್ವ ಒಂದ್ ದಿನ ಬರ್ಲಿಲ್ಲ," ಎಂದಳು ಅತ್ತೆ. "ಕೊನೇ ಬಸ್‌ಗಂಟ ಕೂತಿದ್ದೆ. ಏನಾಯ್ತೋ ಏನೋ, ಅಣ್ಣಂಗೆ ಎಂಗ್ ಗೊತ್ತಾಯ್ತೋ. ಆಮ್ಯಾಕೆ ಇವತ್ತೇ ನೋಡಿದ್ದು, ಇಂಗೆ."

ಅಜ್ಜಿ ಯಾಕೆ ಬರಲಿಲ್ಲ ಎಂದು ಹೇಳಬೇಕಾದವಳ ಕೈ ಅವಳ ಕೈಯೊಳಗೇ ಇತ್ತು. ಹೇಳಲಿಲ್ಲ. ಆಡಿದ ಮಾತು, ಒಡೆದ ಮುತ್ತು ಎರಡೂ ತಿರುಗಿ ಬರುವುದಿಲ್ಲ ಅನ್ನುತ್ತಾರೆ. ಆಡದ ಮಾತೂ ಬರುವುದಿಲ್ಲ ಎಂದು ನನಗೆ ಅವತ್ತಿನಿಂದ ಗೊತ್ತು. ಅಪ್ಪನಿಗೂ ಆ ವಾರದಲ್ಲೇ ಎಲ್ಲ ತಿಳಿಯಿತು. ಅವನು ಚಿಕ್ಕಪ್ಪನ ಹತ್ತಿರ ಹೋಗಿ, "ಇಸ್ಪೀಟಲ್ವೇನ್ಲಾ ಅಂಗಾರೆ?" ಎಂದು ಕೇಳಿದ. ಚಿಕ್ಕಪ್ಪ "ಅಲ್ಲ ಕಣಣ್ಣ" ಅಂದ. ಅಪ್ಪ ಗಲ್ಲಾಪೆಟ್ಟಿಗೆಯ ಬೀಗದ ಕೈಯನ್ನು ಅವನ ಮುಂದೆ ಇಟ್ಟು ಹಿತ್ತಿಲಿಗೆ ಹೋದ. ಬಹಳ ಹೊತ್ತು ಒಳಗೆ ಬರಲಿಲ್ಲ.

ಈಗ ಅಪ್ಪ ಇಲ್ಲ. ಅಂಗಡಿ ನಾನು ನೋಡಿಕೊಳ್ಳುತ್ತೇನೆ. ಅತ್ತೆ ಹಬ್ಬಕ್ಕೆ ಬರುತ್ತಾಳೆ, ಗುಲಾಬಿ ಗೋಡೆಯ ಮೇಲೆ ಅವಳ ಫೋಟೋ ಅಜ್ಜಿಯ ಫೋಟೋ ಪಕ್ಕದಲ್ಲೇ ಇದೆ. ನನ್ನ ಬಾಯಿಂದ ಆದದ್ದನ್ನು ಅವಳಿಗೆ ನಾನು ಹೇಳಿಯೂ ಆಗಿದೆ. ಅವಳು ನನ್ನ ತಲೆ ಸವರಿ, ಆಗ ಸಣ್ಣ ಮಗ ನೀನು ಅಂದಳು. ಅದರಿಂದ ನನಗೆ ಸಮಾಧಾನವಾಗಲಿಲ್ಲ. ವ್ಯಾಟ್ ಹೋಗಿ ಜಿಎಸ್‌ಟಿ ಬಂದಿದೆ, ನೂರಕ್ಕೆ ಹದಿನೆಂಟು. ಎಲ್ಲಾ ಸೇರಿದ ಮೊತ್ತ ಒತ್ತಿದರೆ ಬೆಲೆಯನ್ನೂ ತೆರಿಗೆಯನ್ನೂ ಕಂಪ್ಯೂಟರೇ ಬಿಡಿಸಿ ಕೊಡುತ್ತದೆ. ಗಿರಾಕಿ ಮಾತ್ರ ಇವತ್ತಿಗೂ ಅದನ್ನೇ ಕೇಳುತ್ತಾನೆ, ಎಲ್ಲಾ ಸೇರಿ ಎಷ್ಟು. ಚಿಕ್ಕಪ್ಪನಿಗೆ ತಲೆಯೆಲ್ಲ ನೆರೆತಿದೆ, ಬಣ್ಣ ಕಲಸುವ ಮಷೀನಿನ ಪಕ್ಕ ಕುರ್ಚಿ ಹಾಕಿಕೊಂಡು ಅದು ಕಲಸಿದ್ದಕ್ಕೆಲ್ಲ ಕೊಂಕು ತೆಗೆಯುತ್ತಾನೆ. ಹೋದ ತಿಂಗಳು ನನ್ನ ಮಗಳು ಶಾಲೆಯಿಂದ ಬಂದು ಅವನ ಪಕ್ಕ ಕೂತಳು. ತೆರಿಗೆ ಸೇರಿದ ಬೆಲೆ ಕೊಟ್ಟಿದ್ದಾರೆ, ಮೂಲ ಬೆಲೆ ಕೇಳಿದ್ದಾರೆ, ಹದಿನೆಂಟು ಪರ್ಸೆಂಟ್ ಕಳೆದರೆ ಉತ್ತರ ಬರುತ್ತಿಲ್ಲ ತಾತ ಅಂದಳು.

"ಕಳೀಬ್ಯಾಡ ಕಣವ್ವ. ನೂರಾ ಅದಿನೆಂಟ್ರಿಂದ ಭಾಗ್ಸು, ನೂರ್ರಿಂದ ಗುಣಿಸು. ಆಮ್ಯಾಕೆ ತೆರಿಗೆ ಸೇರ್ಸಿ ನೋಡು, ಸರೀಗ್ ಕೂತ್ಕತದೆ."

ಮಗಳು ಪುಸ್ತಕ ಹಿಡಿದು ಒಳಗೆ ಓಡಿದಳು. ಇಷ್ಟು ವರ್ಷ ಕೇಳಲಾಗದೆ ಉಳಿದಿದ್ದನ್ನು ಕೇಳಿಬಿಟ್ಟೆ.

"ಚಿಕ್ಕಪ್ಪ, ಅವತ್ತು ಊಟಕ್ಕೆ ಕೂತಾಗ ನಾನು ಹೇಳಿದ್ದು ತಪ್ಪು ಅಂದುಬಿಟ್ಟಿದ್ದರೆ ಆಗ್ತಿತ್ತಲ್ಲ? ಅಪ್ಪನಿಗೆ ಶೇಕಡಾ ಎಲ್ಲಿ ಗೊತ್ತಾಗ್ತಿತ್ತು? ನಿನ್ನ ಮಾತನ್ನೇ ನಂಬ್ತಿದ್ದ."

"ನಂಬ್ತಿದ್ದ," ಎಂದ ಚಿಕ್ಕಪ್ಪ. ಕೈಗಂಟಿದ ಬಣ್ಣವನ್ನು ಚಿಂದಿಯಲ್ಲಿ ಒರೆಸಿಕೊಂಡ. "ನಾಲ್ಗೆ ತುದೀಗ್ ಬಂದಿತ್ತು. ಮಗ ತಪ್ ಏಳ್ತದೆ ಅಂದಿದ್ರೆ ಮುಗ್ದೋಗಿತ್ತು. ಆದ್ರೆ ನೀನು ಅವರೆಬ್ಯಾಳೆ ಜೋಡ್ಸಿ ಎಷ್ಟ್ ಸರಿಯಾಗ್ ಮಾಡಿದ್ದೆ ಕಣವ್ವ. ನಾನು ತಪ್ಪು ಅಂದಿದ್ರೆ ನೀನು ನನ್ ಮಾತೇ ದಿಟ ಅಂತ ತಪ್ಪನ್ನೇ ಕಲ್ತ್ಕೊಂಡ್ಬುಡ್ತಿದ್ದೆ. ಏನ್ ಮಾಡ್ಲಿ ಅಂತ ನಮ್ಮವ್ವನ ಮಕ ನೋಡ್ದೆ. ನೀನ್ ನೋಡ್ನಿಲ್ಲ ಅದುನ್ನ. ಅವ್ವ ನಿನ್ ಕಡೆ ನೋಡ್ಬುಟ್ಟು, ದಿಟ ಏಳ್ಬುಡು ಅನ್ನಂಗೆ ತಲೆ ಆಡ್ಸ್ತು. ಆಮ್ಯಾಕ್ ತಾನೇ ನಾನು ಬಾಯ್ಬುಟ್ಟಿದ್ದು."

ಒಳಗಿನಿಂದ ಮಗಳು ಕೂಗಿ ಉತ್ತರ ಹೇಳಿದಳು, ಸರಿ ಇದೆಯಾ ಅಮ್ಮ ಎಂದು ಕೇಳಿದಳು. ಏನು ಕಳೆದುಕೊಳ್ಳುತ್ತೇನೆಂದು ಗೊತ್ತಿದ್ದೂ ಅಜ್ಜಿ ಅವತ್ತು ನನಗೆ ಬಡಿಸು ಅಂದ ತುಪ್ಪದ ರುಚಿ ನಾಲಗೆಗೆ ಬಂತು. ಸರಿ ಇದೆ ಮಗ, ಎಂದೆ.